ಹಿತ್ತಲ ಕಾಯಿಗೆ ಒಡೆಯರು ಯಾರು?



ಮಿರಗದ ಮಳೆ ಕೂಡುವ ಹೊತ್ತಿಗೆ ಹಿತ್ತಲಿನಲ್ಲಿ ನಾಲ್ಕು ಬೀಜ ಊರುವುದು ನಮ್ಮ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಭಾಗದ ಮನೆಗಳಲ್ಲಿ ಹಿರಿಯರಿಂದ ನಡೆದುಬಂದ ಪದ್ಧತಿ. ಬಚ್ಚಲ ನೀರು ಹರಿದುಹೋಗುವಲ್ಲಿ ಒಂದು ಹೀರೇಬಳ್ಳಿ, ತಿಪ್ಪೆಯ ಬದಿಗೆ ಕುಂಬಳ, ಗೋಡೆಗೆ ಆತುಕೊಂಡು ಚಪ್ಪರದವರೆ, ಮೂಲೆಗೆ ನುಗ್ಗೆ ಮತ್ತು ಕರಿಬೇವು, ನಡುವೆ ಉಳಿದ ಜಾಗದಲ್ಲಿ ಮೆಂತ್ಯೆ, ಪುಂಡಿ, ರಾಜಗಿರಿ, ಒಂದು ಸಾಲು ಚವಳಿ, ನಾಲ್ಕು ಬದನೆ, ನಾಲ್ಕು ಮೆಣಸಿನ ಗಿಡ. ನಾವು ಹಿತ್ತಲವೆನ್ನುತ್ತೇವೆ, ನಮ್ಮ ಮರಾಠಿ ನೆರೆಯವರು ಪರಸಬಾಗ ಎನ್ನುತ್ತಾರೆ. ಬಳ್ಳಿಗೆ ಈ ಭೇದವಿಲ್ಲ. ಅದು ಬೇಲಿ ದಾಟಿ ಅವರ ಕಡೆಗೂ ಹೋಗಿ ಕಾಯಿ ಬಿಡುತ್ತದೆ. ಆ ಕಾಯಿ ಯಾರದು ಎಂದು ನಮ್ಮ ಮನೆಯ ಮಗುವೊಂದು ಕೇಳಿದಾಗ ನಾವು ನಕ್ಕು ಸುಮ್ಮನಾದೆವು. ಆದರೆ ಆ ಪ್ರಶ್ನೆ ನಮ್ಮನ್ನು ಸುಮ್ಮನೆ ಬಿಡಲಿಲ್ಲ.

ಆದುದರಿಂದ ಈ ಸಲ ನಾವು ಬರೆಯಹೊರಟದ್ದು ಬೀಜ ಊರುವ ಬಗೆಯನ್ನಲ್ಲ. ಅದನ್ನು ನಿಮಗೆ ನಾವು ಹೇಳಿಕೊಡಬೇಕಾದುದೂ ಇಲ್ಲ. ಊರಿದ್ದು ಫಲಕೊಟ್ಟು, ಮನೆಯವರೆಲ್ಲ ಉಂಡು ಮಿಕ್ಕ ಮೇಲೆ, ಆ ಮಿಕ್ಕದ್ದು ಯಾರದು, ಅದನ್ನು ಏನು ಮಾಡಿದರೆ ಸರಿ ಎಂಬುದಷ್ಟೇ ನಮ್ಮ ವಿಚಾರ.

ಮಿಕ್ಕುವುದು ಹಿತ್ತಲಿನ ಸ್ವಭಾವ. ಹೊಲದಲ್ಲಿ ಬಿಳಿಜೋಳ ಬೆಳೆದರೆ ಅದು ಹಗೇವಿನಲ್ಲಿಯೋ ಚೀಲದಲ್ಲಿಯೋ ಕಾದುಕೊಂಡು ಕೂಡುತ್ತದೆ; ಉಣ್ಣುವುದೋ ಮಾರುವುದೋ ಎಂದು ಯೋಚಿಸಲು ನಮಗೆ ವೇಳೆ ಕೊಡುತ್ತದೆ. ಹೀರೇಕಾಯಿ ಹಾಗಲ್ಲ. ಬೀಜ ಊರಿದ ಎರಡು ತಿಂಗಳಿಗೆ ಕಾಯಿ ಕೊಡತೊಡಗಿದರೆ ಮತ್ತೆ ನಮ್ಮನ್ನು ಕೇಳುವುದಿಲ್ಲ. ಎರಡು ದಿನ ಮರೆತರೆ ಒಳಗೆ ನಾರು ಕಟ್ಟುತ್ತದೆ. ಚವಳಿಕಾಯಿಯನ್ನು ದಿನ ಬಿಟ್ಟು ದಿನ ಹರಿಯದಿದ್ದರೆ ಬಲಿತು ಕಟ್ಟಿಗೆಯಾಗುತ್ತದೆ. ಬೆಂಡೆಯಂತೂ ಮುಂಜಾನೆ ಎಳೆಯದು, ಮರುದಿನ ಸಂಜೆಗೆ ಮುರಿಯಲಾರದ್ದು. ಹರಿದಷ್ಟೂ ಗಿಡ ಮತ್ತೆ ಹೂಬಿಡುತ್ತದೆ. ಹರಿಯದೆ ಬಿಟ್ಟರೆ ಬೀಜ ಕಟ್ಟಿತೆಂದು ನಿಂತುಬಿಡುತ್ತದೆ. ಐದು ಜನರ ಸಂಸಾರಕ್ಕೆ ಶ್ರಾವಣದಲ್ಲಿ ಇದು ದೊಡ್ಡ ಪೇಚು.

ಶರಣರ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯನವರದು ಬಿದ್ದ ಅಕ್ಕಿಕಾಳು ಆಯ್ದು ತರುವ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದರು. ಲಕ್ಕಮ್ಮ ಮೆಚ್ಚಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಈ ಕಥೆಯನ್ನು ನಾವು ಚಿಕ್ಕವರಿದ್ದಾಗಿನಿಂದ ಕೇಳಿದ್ದೇವೆ, ಪ್ರವಚನಗಳಲ್ಲಿ ತಲೆದೂಗಿದ್ದೇವೆ. ಆದರೆ ಬುಟ್ಟಿ ತುಂಬ ಹೀರೇಕಾಯಿ ಇಟ್ಟುಕೊಂಡು ಕುಳಿತಾಗ ಈ ಕಥೆ ನಮಗೆ ಅರ್ಧವೇ ನೆರವಾಯಿತು. ಅಕ್ಕಿಯನ್ನು ಹೆಚ್ಚು ಆಯ್ದದ್ದು ಮಾರಯ್ಯನವರ ಕೈ. ಆ ಕೈಯನ್ನು ಹಿಡಿಯಬಹುದಿತ್ತು. ಬಳ್ಳಿಯ ಕೈಯನ್ನು ಯಾರು ಹಿಡಿದಾರು? ಹೆಚ್ಚಾದುದನ್ನು ತಂದಲ್ಲಿಯೇ ಸುರಿ ಎಂದರೆ ತಿಪ್ಪೆಗೆ ಸುರಿಯಬೇಕೇ? ತಿಪ್ಪೆಯೂ ಕೆಟ್ಟದ್ದಲ್ಲ, ಬರುವ ವರುಷದ ಗೊಬ್ಬರ. ದನ ಇದ್ದ ಮನೆಯಲ್ಲಿ ದನಕ್ಕೂ ಹಾಕಬಹುದು. ಆದರೂ ತಿನ್ನುವ ಕಾಯಿಯನ್ನು ತಿಪ್ಪೆಗೆ ಎಸೆಯಲು ಮನಸ್ಸು ಒಪ್ಪುವುದಿಲ್ಲ. 1972ರ ಬರವನ್ನು ಕಂಡವರು ಇನ್ನೂ ನಮ್ಮ ಮನೆಗಳಲ್ಲಿ ಇದ್ದಾರೆ.

ಅದಕ್ಕೆ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಓಣಿಯ ಮನೆಮನೆಗೆ ಹಂಚಿದೆವು. ಮೆಂತ್ಯೆ, ಪುಂಡಿ, ರಾಜಗಿರಿ, ಹೀರೇಕಾಯಿ. ಸಂಜೆಯಾದರೆ ಮೊಮ್ಮಕ್ಕಳ ಕೈಯಲ್ಲಿ ಬಟ್ಟಲು, ಬುಟ್ಟಿ. ‘ನಿಮ್ಮದು ದೊಡ್ಡ ಮನಸು’ ಎಂದು ನಾಲ್ಕು ಜನ ಅಂದರು. ಚಾವಡಿಯಲ್ಲಿ ಕುಳಿತಾಗ ನಾವು ಆ ಮಾತನ್ನು ಕೇಳಿಯೂ ಕೇಳದವರಂತೆ ಇದ್ದೆವು, ಒಳಗೆ ಹಿಗ್ಗಿದೆವು. ನೀರು ಹಾಕಿದ್ದು, ಕಳೆ ತೆಗೆದದ್ದು, ಹೇನು ಹತ್ತಿದ ಅವರೆಗೆ ಬೂದಿ ಉದುರಿಸಿದ್ದು, ಬೇವಿನ ಬೀಜ ಕುಟ್ಟಿ ಲೀಟರಿಗೆ 50 ಗ್ರಾಮಿನಂತೆ ರಾತ್ರಿಯಿಡೀ ನೆನೆಹಾಕಿ ಸೋಸಿ ಸಿಂಪಡಿಸಿದ್ದು ಮನೆಯ ತಾಯಂದಿರು. ದೊಡ್ಡ ಮನಸ್ಸು ಮಾತ್ರ ನಮ್ಮದಾಯಿತು. ಇದನ್ನು ಓದುವ ಗಂಡಸರು ತಮ್ಮ ಮನೆಯಲ್ಲಿ ಹಿತ್ತಲ ಕಾಯಿಯನ್ನು ಕೊಡುವ ಮಾತು ಯಾರದು, ಬೆಳೆಯುವ ಕೈ ಯಾರದು ಎಂಬುದನ್ನು ಒಮ್ಮೆ ನೋಡಿಕೊಳ್ಳಬೇಕು.

ಹೀಗೆ ಒಂದೂವರೆ ತಿಂಗಳು ನಡೆಯಿತು. ನಮ್ಮ ಓಣಿಗೆ ದಿನ ಬಿಟ್ಟು ದಿನ ತಲೆಯ ಮೇಲೆ ಬುಟ್ಟಿ ಹೊತ್ತು ಪಲ್ಲೆ ಮಾರುವ ಒಬ್ಬ ತಾಯಿ ಬರುತ್ತಿದ್ದಳು. ಗಂಡನಿಲ್ಲ. ಮಗಳನ್ನು ಓದಿಸುತ್ತಿದ್ದಾಳೆ. ನಸುಕಿನಲ್ಲಿ ಸವಾಲಿಗೆ ಹೋಗಿ ಸೊಪ್ಪು ಹಿಡಿದು, ಬಿಸಿಲೇರುವುದರೊಳಗೆ ನಾಲ್ಕು ಓಣಿ ತಿರುಗುತ್ತಾಳೆ. ಶ್ರಾವಣದ ಕೊನೆಯ ವಾರ ಆಕೆ ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ನೀರು ಕೇಳಿದಳು. ನೀರು ಕುಡಿದು ನಮ್ಮ ಮನೆಯವರಿಗೆ ಹೇಳಿದಳು:

“ಅಕ್ಕಾರ, ನಿಮ್ಮ ಹಿತ್ತಲ ಈ ವರ್ಸ ಛಲೋ ಬಂದೈತಿ. ದೇವರು ನಿಮಗ ಕೊಟ್ಟಾನ, ನೀವು ಓಣಿಗೆ ಕೊಟ್ಟೀರಿ. ನನ್ನ ಬುಟ್ಟಿ ಮಾತ್ರ ತುಂಬಿದ್ದು ತುಂಬಿದಂಗ ಮನಿಗಿ ಹೊಂಟೈತಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಬಂತು, ಬಿಸಿಲು ಬಿತ್ತು ಎನ್ನುವಂತೆ ಹೇಳಿದಳು. ಬುಟ್ಟಿ ಹೊತ್ತು ಹೋದಳು. ನಾವು ಪಡಸಾಲೆಯಲ್ಲಿ ಕುಳಿತು ಕೇಳಿದೆವು. ಆ ದಿನ ಊಟ ರುಚಿಸಲಿಲ್ಲ.

ಬಂಧುಗಳೇ, ನಿಮ್ಮಲ್ಲಿ ಅಂಗಡಿ ಇಟ್ಟವರಿದ್ದೀರಿ, ಅಡತಿ ನಡೆಸುವವರಿದ್ದೀರಿ. ನಿಮ್ಮ ಅಂಗಡಿಯ ಮುಂದೆಯೇ ಒಬ್ಬ ಶ್ರೀಮಂತನು ಅದೇ ಸಾಮಾನನ್ನು ಪುಕ್ಕಟೆ ಹಂಚಲು ಕುಳಿತರೆ ನಿಮಗೆ ಏನಾದೀತು? ಅವನನ್ನು ದಾನಿ ಎನ್ನುವಿರಾ? ಕಾಯಕವೆಂದರೆ ದೊಡ್ಡ ಮಾತು ಆಡುವ ನಾವು, ಬೆವರು ಸುರಿಸಿ ಬುಟ್ಟಿ ಹೊರುವ ಒಬ್ಬಳ ಕಾಯಕದ ಮೇಲೆ ಕಾಲಿಟ್ಟು ದಾಸೋಹದ ಹೆಸರು ಹೇಳಿದೆವು. ಇದು ನಮ್ಮ ಮೊದಲ ತಪ್ಪು.

ಹಾಗೆಂದರೆ ಯಾರೂ ಯಾರಿಗೂ ಕೊಡಲೇಬಾರದೇ? ಮನೆಯಲ್ಲಿ ಅತಿಥಿಗೆ ಉಣ್ಣಲು ನೀಡಿದರೆ ಖಾನಾವಳಿಯವನಿಗೆ ಹಾನಿ, ನೆರೆಯ ಮಗುವಿಗೆ ಅಕ್ಷರ ಹೇಳಿಕೊಟ್ಟರೆ ಪಾಠ ಹೇಳಿ ಬದುಕುವವನಿಗೆ ಹಾನಿ ಎಂದು ಎಣಿಸುತ್ತ ಹೋದರೆ ಸಂಸಾರವೇ ಸಂತೆಯಾದೀತು. ಈ ಆಕ್ಷೇಪವನ್ನು ನಮ್ಮ ಮಗನೇ ಎತ್ತಿದ. ಅದರಲ್ಲಿ ಹುರುಳಿದೆ. ಇದಕ್ಕೆ ಉತ್ತರ ಹುಡುಕುತ್ತ ನಾವು ಒಂದು ಸಣ್ಣ ಲೆಕ್ಕ ಮಾಡಿದೆವು. ಆ ಒಂದೂವರೆ ತಿಂಗಳು ನಮ್ಮ ಬಟ್ಟಲು ಯಾರ ಮನೆಗೆ ಹೋಯಿತು? ಎಡಬದಿಯ ಶಿಕ್ಷಕರ ಮನೆ, ಬಲಬದಿಯ ಕಿರಾಣಿ ಅಂಗಡಿಯವರ ಮನೆ, ಎದುರಿನ ನಿವೃತ್ತ ಗುಮಾಸ್ತರ ಮನೆ, ನಮ್ಮ ಬೀಗರ ಮನೆ. ಎಲ್ಲರೂ ಪಲ್ಲೆ ಕೊಳ್ಳುವ ಶಕ್ತಿಯುಳ್ಳವರು. ನಾವು ಕೊಡುವ ಮುನ್ನ ಆ ತಾಯಿಯ ಹತ್ತಿರ ಕೊಳ್ಳುತ್ತಿದ್ದವರು. ಪಲ್ಲೆ ಕೊಳ್ಳಲಾರದೆ ಖಾರಪುಡಿ ಎಣ್ಣೆ ಹಚ್ಚಿಕೊಂಡು ರೊಟ್ಟಿ ತಿನ್ನುವ ಮನೆಗಳು ಊರ ಆಚೆ ತುದಿಯಲ್ಲಿ ಇವೆ. ಅಲ್ಲಿಗೆ ನಮ್ಮ ಬಟ್ಟಲು ಒಂದು ದಿನವೂ ನಡೆಯಲಿಲ್ಲ. ಮೊಮ್ಮಕ್ಕಳಿಗೆ ದೂರವಾಗುತ್ತದೆ ಎಂಬುದು ಬಾಯಿಗೆ ಬಂದ ಕಾರಣ.

ಇನ್ನೊಂದು ಸಂಗತಿ. ನಮ್ಮ ಕಡೆ ಬಂದ ಬಟ್ಟಲನ್ನು ಬರಿದೆ ಮರಳಿಸುವುದಿಲ್ಲ. ಹಿಡಿ ಸಕ್ಕರೆಯಾದರೂ, ನಾಲ್ಕು ಈರುಳ್ಳಿಯಾದರೂ ಹಾಕಿ ಕಳಿಸುತ್ತಾರೆ. ನಮ್ಮ ಬಟ್ಟಲುಗಳೂ ಬರಿದೆ ಬರಲಿಲ್ಲ. ಬೀಗರ ಮನೆಯಿಂದ ಶೇಂಗಾ ಹೋಳಿಗೆ ಬಂದವು, ಅಂಗಡಿಯವರು ಮಕ್ಕಳ ಕೈಗೆ ಬೆಲ್ಲದ ಹೆಂಟೆ ಕೊಟ್ಟರು. ಇದಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೆಯ ಶಬ್ದವಿದೆ: ಮುಯ್ಯಿ. ಮದುವೆಯಲ್ಲಿ ಮಾಡುತ್ತೇವೆ, ಅವರು ನಮಗೆ ಮರಳಿಸುತ್ತಾರೆ. ಮುಯ್ಯಿ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಮುಯ್ಯಿಯಿಂದಲೇ ಓಣಿ ಓಣಿಯಾಗಿ ಉಳಿದಿದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು ಕೂಡ ಭೂಮಿತಾಯಿಗೆ ಒಕ್ಕಲಿಗ ಮಾಡುವ ಮುಯ್ಯಿಯೇ ಅಲ್ಲವೇ. ಆದರೆ ಮುಯ್ಯಿಗೆ ದಾಸೋಹದ ಅಂಗಿ ತೊಡಿಸಬಾರದು. ನಾವು ತೊಡಿಸಿದ್ದೆವು.

ಮುಯ್ಯಿಯನ್ನಾದರೂ ನೆಟ್ಟಗೆ ಮಾಡಿದೆವೇ ಎಂದರೆ ಅದೂ ಇಲ್ಲ. ಮನೆಗೆ ಎಳೆಯ ಬೆಂಡೆ, ಓಣಿಗೆ ಬಲಿತ ಬೆಂಡೆ. ಮನೆಗೆ ಹೂವು ಕಳಚುವ ಮೊದಲಿನ ಹೀರೆ, ಓಣಿಗೆ ನಾರು ಬಂದದ್ದು. ಎಸೆಯಲು ಮನಸ್ಸಾಗದ್ದನ್ನು ಕೊಟ್ಟರೆ ನಮ್ಮ ಮನಸ್ಸು ಹಗುರಾಗುತ್ತದೆ, ಎಸೆಯುವ ಕೆಲಸ ನೆರೆಯವರ ಪಾಲಿಗೆ ಬೀಳುತ್ತದೆ. ಇಲ್ಲಿ ಒಂದು ಎಚ್ಚರದ ಮಾತನ್ನೂ ಹೇಳಿಬಿಡುತ್ತೇವೆ. ಸೋರೆಕಾಯಿಯನ್ನು ಕೊಡುವಾಗ, ಅಡುಗೆಗೆ ಹಾಕುವಾಗಲೂ, ತುದಿಯ ಚೂರು ನಾಲಿಗೆಗೆ ಹಚ್ಚಿ ನೋಡಬೇಕು. ಕಹಿ ಇದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಬೇಕು. ಆ ಕಹಿ ವಿಷ, ಕುದಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ವಾಂತಿ, ರಕ್ತವಾಂತಿಯಾಗಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಚಲೋ ಗುಣವೆಂದು ಕಹಿಯನ್ನು ನುಂಗುವ ಹಟ ಇಲ್ಲಿ ಬೇಡ.

ಮುಂದೇನಾಯಿತೆಂದು ಹೇಳುತ್ತೇವೆ. ಮನೆಯವರು ಓಣಿಗೆ ಸೊಪ್ಪು ಕೊಡುವುದನ್ನು ನಿಲ್ಲಿಸಿದರು. ಮುಂದಿನ ಸಲ ಆ ತಾಯಿ ಬಂದಾಗ, “ತಂಗಿ, ಹಿತ್ತಲದಾಗ ಮಿಕ್ಕದ್ದು ನೀನ ಒಯ್ದು ಮಾರಿಕೋ” ಅಂದರು. ಇದರಲ್ಲಿ ನಮ್ಮ ತಪ್ಪು ತೊಳೆದುಹೋಗುತ್ತದೆಂದು ನಾವು ಎಣಿಸಿದ್ದೆವು. ಆಕೆ ಒಪ್ಪಲಿಲ್ಲ.

“ಸವಾಲಿನಾಗ ಕಟ್ಟಿಗೆ ಐದು ರೂಪಾಯಿ ಕೊಟ್ಟು ತರತೀನಿ. ನಿಮಗೂ ಐದ ಕೊಡತೀನಿ, ಹಂಗಿದ್ರ ಒಯ್ತೀನಿ.”

“ನಿನ್ನ ಹಂತೇಕ ರೊಕ್ಕಾ ಹ್ಯಾಂಗ ತಗೋಬೇಕs ತಂಗಿ?”

“ಪುಕ್ಕಟ ಒಯ್ದ್ರ, ನಾಳೆ ನೀವು ಕೊಡಲಿಲ್ಲಂದ್ರ ಕೇಳಾಕ ನನಗ ಬಾಯಿ ಇರಂಗಿಲ್ಲ. ಬಾಡಿದ್ದು ಕೊಟ್ರ ಬ್ಯಾಡ ಅನ್ನಾಕೂ ಬರಂಗಿಲ್ಲ. ರೊಕ್ಕಾ ಕೊಟ್ರ ಎರಡೂ ಬರತೈತಿ, ಅಕ್ಕಾರ.”

ನಾವು ಎಷ್ಟೋ ಪುಸ್ತಕ ಓದಿದವರು. ಕೊಡುವುದು ಮೇಲು, ಮಾರುವುದು ಕೀಳು ಎಂಬ ಒಂದು ಭಾವನೆ ನಮ್ಮ ಎದೆಯಲ್ಲಿ ಯಾವಾಗಲೋ ಬೇರೂರಿತ್ತು. ವ್ಯಾಪಾರಸ್ಥರ ಮನೆತನದಲ್ಲಿ ಹುಟ್ಟಿಯೂ ನಾವು ಅದನ್ನು ನಂಬಿದ್ದೆವು. ಬೆಲೆ ಎಂಬುದು ಕೊಳ್ಳುವವನಿಗೆ ಬಾಯಿ ಕೊಡುತ್ತದೆ, ಕೊಡುಗೆ ಎಂಬುದು ಪಡೆದವನ ಬಾಯಿ ಕಟ್ಟುತ್ತದೆ ಎಂಬುದನ್ನು ನಮಗೆ ತಿಳಿಸಲು ಪಲ್ಲೆಯ ಬುಟ್ಟಿ ಬರಬೇಕಾಯಿತು. ಪಡೆದವನ ಬಾಯಿ ಕಟ್ಟದಂಥ ಕೊಡುಗೆ ಇರಲು ಸಾಧ್ಯವೇ? ಕೊಟ್ಟೆನೆಂಬ ಭಾವ ಕೊಡುವವನಲ್ಲಿ ಉಳಿಯಕೂಡದು ಎಂದು ಶರಣರು ಒತ್ತಿ ಹೇಳಿದ್ದು ಇದಕ್ಕಾಗಿಯೇ ಇರಬೇಕು. ಆದರೆ ಕೊಡುವವನಲ್ಲಿ ಆ ಭಾವ ಅಳಿದರೂ ಪಡೆದವಳ ಮನಸ್ಸಿನಲ್ಲಿ ಪಡೆದೆನೆಂಬುದು ಉಳಿದೇ ಇರುತ್ತದಲ್ಲ. ಅದನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಈ ಗಂಟು ನಮಗೆ ಇನ್ನೂ ಬಿಚ್ಚಿಲ್ಲ.

ಒಂದು ಮಾತು ನಡುವೆ. ಆಕೆ ಎರಡು ಕಟ್ಟು ಮೆಂತ್ಯೆ ಕೊಂಡವರಿಗೆ ನಾಲ್ಕು ಎಸಳು ಕೊತ್ತಂಬರಿ ಮೇಲೆ ಹಾಕುತ್ತಾಳೆ. ಕೊಸರು. ಕೇಳದೆಯೂ ಹಾಕುತ್ತಾಳೆ, ಕೇಳಿದರೆ ಇನ್ನೆರಡು ಹಾಕುತ್ತಾಳೆ. ನಮ್ಮ ಓಣಿಯ ಎಲ್ಲ ಮನೆಗಳ ಸಾರಿಗೆ ವರುಷಾನುಗಟ್ಟಲೆ ಕೊತ್ತಂಬರಿ ಬಿದ್ದದ್ದು ಹೀಗೆ. ಆಕೆಯನ್ನು ದಾಸೋಹಿ ಎಂದು ಚಾವಡಿಯಲ್ಲಿ ಯಾರೂ ಅಂದದ್ದು ನಾವು ಕೇಳಿಲ್ಲ.

ನೀರಿನ ಮಾತನ್ನೂ ಬಿಡುವಂತಿಲ್ಲ, ಏಕೆಂದರೆ ನಮ್ಮದು ಬರದ ನೆಲ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ನಾಡಿದು. ನೀರಿನ ಬೆಲೆ ಇಲ್ಲಿ ಹೊಸ ಸಂಗತಿಯಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿಗೆ ಚಳಿಗಾಲದಲ್ಲಿ ದಿನಕ್ಕೆ ಮೂರು ಕೊಡ, ಬೇಸಗೆಯಲ್ಲಿ ನಾಲ್ಕೈದು ಕೊಡ ನೀರು ಬೇಕು. ಬಚ್ಚಲ ನೀರು ಸಾಕಾಗುತ್ತದೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಬಚ್ಚಲ ನೀರೂ ಮೊದಲು ಕೊಡದ ನೀರೇ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತಷ್ಟೆ. ಆ ಬೇಸಗೆಯಲ್ಲಿ ನಮ್ಮ ಊರಿಗೂ ಟ್ಯಾಂಕರ್ ಬರುತ್ತಿತ್ತು. ನಮ್ಮ ಮನೆಯ ಬೋರಿನಲ್ಲಿ ಮಾತ್ರ ಒಂದಿಷ್ಟು ನೀರಿತ್ತು. ಟ್ಯಾಂಕರಿನ ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳು ನಮ್ಮ ಬೇಲಿಯ ಮೇಲಿನ ಹಸಿರನ್ನು ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ನಾವು ಸೊಪ್ಪಿನ ಮಡಿಗಳನ್ನು ಒಣಗಲು ಬಿಟ್ಟೆವು. ನುಗ್ಗೆ, ಕರಿಬೇವು ಎರಡನ್ನೇ ಉಳಿಸಿಕೊಂಡು, ಬೋರಿನ ನೀರನ್ನು ದಿನಕ್ಕೆ ಎರಡು ತಾಸು ಓಣಿಗೆ ಬಿಟ್ಟೆವು. ಅದು ಸಾಕಾಗಿತ್ತೇ, ಮೂರು ತಾಸು ಬಿಡಬಹುದಿತ್ತೇ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಆ ನೀರಿಗೆ ಮಾತ್ರ ನಾವು ಬೆಲೆ ಕಟ್ಟಲಿಲ್ಲ, ಕಟ್ಟುವ ಮಾತೂ ಬರಲಿಲ್ಲ. ಪಲ್ಲೆಗೆ ಬೆಲೆ ಸರಿ, ನೀರಿಗೆ ಬೆಲೆ ತಪ್ಪು ಎಂದು ನಮ್ಮ ಮನಸ್ಸು ತಾನಾಗಿಯೇ ಒಂದು ಗೆರೆ ಎಳೆಯಿತು. ಪಲ್ಲೆಯಿಲ್ಲದೆ ಒಂದು ದಿನ ಕಳೆಯಬಹುದು, ನೀರಿಲ್ಲದೆ ಆಗದು. ಹಾಗೂ ಆ ನೀರನ್ನು ನಾವು ಬೆಳೆದಿರಲಿಲ್ಲ.

ಆಚೆ ತುದಿಯ ಮನೆಗಳ ಸಂಗತಿ ಉಳಿಯಿತು. ಅಲ್ಲಿ ನಮ್ಮ ಮೊದಲ ಯತ್ನ ನಗೆಗೀಡಾಯಿತು. ಕಾಯಿ ಕೊಡುವುದಕ್ಕಿಂತ ಬೀಜ ಕೊಡುವುದು ಮೇಲೆಂದು, ಬಳ್ಳಿಯಲ್ಲಿಯೇ ಒಣಗಿಸಿದ ಹೀರೆಯ ಬೀಜ, ಚವಳಿ ಬೀಜಗಳನ್ನು ಪೊಟ್ಟಣ ಕಟ್ಟಿಕೊಂಡು ಹೋದೆವು. ಒಬ್ಬ ಮುದುಕಿ ಪೊಟ್ಟಣ ಹಿಡಿದು, “ಊರೂದೆಲ್ಲಿ ಯಪ್ಪಾ?” ಅಂದಳು. ನೋಡಿದರೆ ಮನೆಗೂ ಗಟಾರಿಗೂ ನಡುವೆ ಒಂದು ಮೊಳ ಜಾಗ. ಹಿತ್ತಲೇ ಇಲ್ಲದವರಿಗೆ ಹಿತ್ತಲಿನ ಹಿರಿಮೆ ಹೇಳಲು ಹೋಗಿದ್ದೆವು. ಆ ಮೊಳ ಜಾಗದಲ್ಲಿ ಹಳೆಯ ಎಣ್ಣೆ ಡಬ್ಬಿಗೆ ತಳದಲ್ಲಿ ತೂತು ಮಾಡಿ ಮಣ್ಣು ಗೊಬ್ಬರ ತುಂಬಿ ಎರಡು ಮೆಣಸಿನ ಗಿಡ ಹಚ್ಚಿದವರು ಇದ್ದಾರೆ, ಅದು ಅವರ ಜಾಣತನ. ಈಗ ನಮ್ಮ ಮನೆಯವರು ವಾರಕ್ಕೆರಡು ಸಲ ಅಲ್ಲಿಯ ಮೂರು ಮನೆಗಳಿಗೆ ಪಲ್ಲೆ ಮುಟ್ಟಿಸುತ್ತಾರೆ. ಒಬ್ಬರು ಕಣ್ಣು ಕಾಣದವರು, ಇಬ್ಬರು ದುಡಿಯಲಾರದ ಮುದುಕರು. ಇವರು ಪಲ್ಲೆ ಕೊಳ್ಳುವವರಲ್ಲವಾದ್ದರಿಂದ ಬುಟ್ಟಿಯವಳಿಗೆ ಹಾನಿಯಿಲ್ಲ. ಆಕೆಯನ್ನೇ ಕೇಳಿ ನಿಶ್ಚಯಿಸಿದೆವು. ಎಳೆಯದನ್ನೇ ಒಯ್ಯಬೇಕೆಂಬುದು ಕರಾರು. ನುಗ್ಗೆಕಾಯಿ, ಕುಂಬಳ ಹೆಚ್ಚಾದಾಗ ನಮ್ಮ ಕನ್ನಡ ಶಾಲೆಯ ಮಧ್ಯಾಹ್ನದ ಅಡುಗೆಗೆ ಹೋಗುತ್ತವೆ.

ಉಳಿದದ್ದಕ್ಕೆ ನಮ್ಮ ಅಜ್ಜಿಯರ ದಾರಿ ಇದ್ದೇ ಇದೆ. ಅದನ್ನು ನಾವು ಫ್ರಿಜ್ಜು ಬಂದ ಮೇಲೆ ಮರೆತಿದ್ದೆವು. ಚವಳಿಕಾಯಿಯನ್ನು ಉಪ್ಪುನೀರಿನಲ್ಲಿ ಒಂದು ಕುದಿ ಬರಿಸಿ ಬಿಸಿಲಿಗೆ ಹಾಕಿದರೆ ಗಲಗಲ ಅನ್ನುವಂತೆ ಒಣಗುತ್ತದೆ. ಚೈತ್ರದಲ್ಲಿ ಎಣ್ಣೆಯಲ್ಲಿ ಕರಿದುಕೊಂಡು ರೊಟ್ಟಿಗೆ ಹಚ್ಚಿಕೊಳ್ಳಬಹುದು. ಹಸಿಮೆಣಸಿನಕಾಯಿ ಸೀಳಿ, ಉಪ್ಪು ಮಜ್ಜಿಗೆಯಲ್ಲಿ ನೆನೆಯಿಸಿ ಒಣಗಿಸಿದರೆ ಬಾಳಕ. ಬೂದುಗುಂಬಳದ ಸಂಡಿಗೆ ವರುಷ ಉಳಿಯುತ್ತದೆ. ಪುಂಡಿಯ ಎಲೆ ನೆರಳಿನಲ್ಲಿ ಒಣಗಿಸಿಟ್ಟರೆ ಬೇಸಗೆಯ ಬೇಳೆಗೆ ಹುಳಿಯಾಗುತ್ತದೆ. ಗಡಿಬಿಡಿಯಿಂದ ಹಂಚಿ ದೊಡ್ಡವರಾಗುವ ಅಗತ್ಯ ಇದರಿಂದ ಅರ್ಧ ಕಡಿಮೆಯಾಯಿತು. ಆದರೆ ಒಣಗಿಸುವ ಕೆಲಸವೂ ತಾಯಂದಿರದೇ ಎಂಬುದನ್ನು ಮರೆಯಬಾರದು. ಮಾಳಿಗೆಗೆ ಮರ ಹೊತ್ತು ಏರಿಸಿ ಇಳಿಸುವ ಕೆಲಸವನ್ನು ಈಗ ನಾವು ವಹಿಸಿಕೊಂಡಿದ್ದೇವೆ. ಮೊದಲ ವಾರ ಎರಡು ಸಲ ಚೆಲ್ಲಿದೆವು.

ಬುಟ್ಟಿಯವಳಿಗೂ ನಮ್ಮ ಮನೆಯವರಿಗೂ ವ್ಯವಹಾರ ನಡೆದಿದೆ. ಕಟ್ಟಿಗೆ ಐದು ರೂಪಾಯಿ. ಆ ಹಣ ಅಡುಗೆಮನೆಯ ಮಾಡದಲ್ಲಿ ಒಂದು ಡಬ್ಬಿಯಲ್ಲಿ ಬೀಳುತ್ತದೆ. ಅದನ್ನು ಏನು ಮಾಡಬೇಕೆಂಬುದನ್ನು ಬೆಳೆದವರೇ ನಿಶ್ಚಯಿಸಲಿ ಎಂದು ನಾವು ಕೈ ಹಾಕಿಲ್ಲ. ಕಳೆದ ಮಂಗಳವಾರ ಆಕೆ ಎಂಟು ಕಟ್ಟು ಪುಂಡಿ ಎಣಿಸಿಕೊಂಡಳು. ಏಳನ್ನು ಬುಟ್ಟಿಗೆ ಹಾಕಿ, ಒಂದನ್ನು ಬಾಡಿದೆ ಎಂದು ಕಟ್ಟೆಯ ಮೇಲೆ ಮರಳಿ ಇಟ್ಟಳು. ನಮ್ಮ ಮನೆಯವರಿಗೆ ಸಿಟ್ಟು ಬಂತು. ಮುಂಜಾನೆಯಷ್ಟೇ ಕೊಯ್ದದ್ದು ಎಂದರು. ನಾವು ಎದ್ದು ಹೋಗಿ ಕಟ್ಟು ಬಿಚ್ಚಿ ನೋಡಿದೆವು. ಒಳಗಿನ ಎಲೆ ಬಾಡಿದ್ದು ನಿಜ.